ಸರ್ಕಾರದ ಕಿವಿ, ಮಲೆನಾಡಿನ ಕದ

1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ನಡೆದ ಉಪಚುನಾವಣೆಯ ಗದ್ದಲವನ್ನು ಮಲೆನಾಡಿನ ಹಿರಿಯರು ಇವತ್ತಿಗೂ ಮರೆತಿಲ್ಲ. ತುರ್ತು ಪರಿಸ್ಥಿತಿಯ ನಂತರ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗೆ ಡಿ.ಬಿ. ಚಂದ್ರೇಗೌಡರು ತಮ್ಮ ಸೀಟು ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲ, ಅವರ ಬೆನ್ನಿಗೆ ಜಾರ್ಜ್ ಫರ್ನಾಂಡಿಸ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರವೂ ಆ ಲೋಕಸಭಾ ಕ್ಷೇತ್ರದೊಳಗಿತ್ತು. ಅಲ್ಲಿಯವರೆಗೆ ದೆಹಲಿಯ ಪತ್ರಕರ್ತರು ಕಂಡಿರದ ಘಟ್ಟದ ತಿರುವುಗಳಲ್ಲಿ ಅವರ ಕಾರುಗಳು ಸಾಲುಗಟ್ಟಿದವು. ಇಂದಿರಾ ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಇಷ್ಟು ಎಲ್ಲರಿಗೂ ಗೊತ್ತು. ಗೆದ್ದ ಆರು ವಾರಗಳಲ್ಲೇ ಆ ಸೀಟು ಕೈತಪ್ಪಿದ್ದೂ ಕೆಲವರಿಗೆ ನೆನಪಿದೆ. ಯಾಕೆ ತಪ್ಪಿತು ಎಂದು ಕೇಳಿದರೆ ‘ತುರ್ತು ಪರಿಸ್ಥಿತಿಯ ಪಾಪ’ ಎನ್ನುವವರೇ ಹೆಚ್ಚು. ಲೋಕಸಭೆ ಅವರನ್ನು ಹೊರಹಾಕಿದ್ದು ತುರ್ತು ಪರಿಸ್ಥಿತಿಯ ಕಾರಣಕ್ಕಲ್ಲ, ಅದಕ್ಕೂ ಮೊದಲು ನಡೆದ, ಹೆಚ್ಚು ಸದ್ದು ಮಾಡದ ಒಂದು ಸಂಗತಿಗಾಗಿ.

1975ರ ಮೊದಲ ತಿಂಗಳುಗಳು. ಇಂದಿರಾ ಅವರ ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಿತ್ತು. ದೇಶೀಯ ಕಾರು ಎಂದು ಪರವಾನಗಿ ಪಡೆದವರು ವಿದೇಶಿ ಯಂತ್ರಗಳನ್ನು ತರಿಸಿಕೊಂಡಿದ್ದಾರೆಯೇ ಎಂಬುದು ಪ್ರಶ್ನೆಯ ತಿರುಳು. ಮಂತ್ರಿ ಉತ್ತರ ಕೊಡಬೇಕು, ಉತ್ತರಕ್ಕೆ ಮಾಹಿತಿ ಬೇಕು, ಮಾಹಿತಿ ಕಲೆಹಾಕುವುದು ಅಧಿಕಾರಿಗಳ ಕೆಲಸ. ನಾಲ್ವರು ಅಧಿಕಾರಿಗಳು ಆ ಕೆಲಸಕ್ಕೆ ಇಳಿದರು. ಪತ್ರ ಬರೆದರು, ಕಂಪನಿಗಳಿಗೆ ಹೋಗಿ ವಿಚಾರಿಸಿದರು. ಕೆಲವೇ ದಿನಗಳಲ್ಲಿ ಸಿಬಿಐ ಅವರ ಮನೆಗಳಿಗೆ ಬಂತು. ಶೋಧ ನಡೆಯಿತು, ಮೊಕದ್ದಮೆ ಬಿತ್ತು. ಅವರು ಯಾರೂ ಸರ್ಕಾರದ ಗುಟ್ಟನ್ನು ಪತ್ರಿಕೆಗೆ ಕೊಟ್ಟವರಲ್ಲ. ಸಂಸತ್ತು ಕೇಳಿದ್ದಕ್ಕೆ ಉತ್ತರ ಹುಡುಕಲು ಹೊರಟದ್ದಷ್ಟೇ ಅವರ ಅಪರಾಧ.

ಜನತಾ ಸರ್ಕಾರ ಬಂದ ಮೇಲೆ ಸಂಸದ ಮಧು ಲಿಮಯೆ ಇದನ್ನು ಹಕ್ಕುಚ್ಯುತಿಯ ವಿಷಯವಾಗಿ ಎತ್ತಿದರು. ಸಮರ್ ಗುಹಾ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿ, ಅಧಿಕಾರಿಗಳಿಗೆ ಕಿರುಕುಳ ಕೊಟ್ಟದ್ದು ಸದನದ ಹಕ್ಕಿನ ಮೇಲಿನ ದಾಳಿ ಎಂದಿತು. 1978ರ ಡಿಸೆಂಬರ್ 19ರಂದು ಲೋಕಸಭೆ ಚಿಕ್ಕಮಗಳೂರಿನ ಸಂಸದೆಯನ್ನು ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ಅವರು ತಿಹಾರ್ ಜೈಲಿನಲ್ಲಿದ್ದರು. ಅವರ ಆಪ್ತ ಸಹಾಯಕ ಆರ್.ಕೆ. ಧವನ್ ಮತ್ತು ಸಿಬಿಐ ನಿರ್ದೇಶಕರಾಗಿದ್ದ ಡಿ. ಸೇನ್ ಅವರಿಗೂ ಅದೇ ಜೈಲು ಶಿಕ್ಷೆ. 1981ರ ಮೇ ತಿಂಗಳಲ್ಲಿ, ಇಂದಿರಾ ಮತ್ತೆ ಪ್ರಧಾನಿಯಾಗಿದ್ದಾಗ, ಹೊಸ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಶಿಕ್ಷೆ ಕೊಟ್ಟದ್ದೂ ಬಹುಮತ, ಅಳಿಸಿದ್ದೂ ಬಹುಮತ. ಆ ನಾಲ್ವರು ಅಧಿಕಾರಿಗಳನ್ನು ನೆನೆಯುವವರು ಎರಡೂ ಕಡೆ ಉಳಿಯಲಿಲ್ಲ.

ಜನರ ಗುಟ್ಟನ್ನು ಸರ್ಕಾರ ತಿಳಿದುಕೊಳ್ಳುವುದು, ತನ್ನ ಗುಟ್ಟನ್ನು ಜನರಿಂದ ಮುಚ್ಚಿಡುವುದು ಎಂಬ ಎರಡು ಹಟಗಳ ಕತೆ ನಮ್ಮ ರಾಜ್ಯದಲ್ಲಿ ಆಮೇಲೆ ನಾಲ್ಕು ದಶಕ ನಡೆಯಿತು. ಅದರಲ್ಲಿ ಕಾನೂನು ಬದಲಾದದ್ದೆಲ್ಲ ದೊಡ್ಡವರ ಮಾತು ಕದ್ದು ಕೇಳಿದಾಗ. ಸಣ್ಣವರ ಮನೆಯ ಕದ ತಟ್ಟಿದಾಗ ಏನಾಯಿತು ಎಂಬುದಕ್ಕೆ ಕೊಪ್ಪ, ಶೃಂಗೇರಿ ಕಡೆಯ ಕಾಡಂಚಿನ ಮನೆಗಳಲ್ಲೇ ಉತ್ತರ ಹುಡುಕಬೇಕು. ಅಲ್ಲಿಗೆ ಹೋಗುವ ಮೊದಲು ಬೆಂಗಳೂರಿನ ಕತೆ ಮುಗಿಸಬೇಕು.

ರಾಮಕೃಷ್ಣ ಹೆಗಡೆ 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಲೋಕಾಯುಕ್ತ ಕಾಯ್ದೆ ತಂದರು. ಸಚಿವ ನಜೀರ್ ಸಾಬರನ್ನು ಮುಂದಿಟ್ಟುಕೊಂಡು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಅಧಿಕಾರ ಹಂಚಿದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ರಾಜ್ಯದಲ್ಲಿ ಚಲಾವಣೆಗೆ ಬಂದದ್ದೇ ಅವರಿಂದ. ಅಂಥವರು 1988ರ ಆಗಸ್ಟ್ 10ರಂದು ರಾಜೀನಾಮೆ ಕೊಟ್ಟದ್ದು ಫೋನ್ ಕದ್ದಾಲಿಕೆಯ ಕಾರಣಕ್ಕೆ.

ಆಗಿನ ಜನತಾ ಪಕ್ಷದಲ್ಲಿ ಒಳಜಗಳ ಹೊಗೆಯಾಡುತ್ತಿತ್ತು. ಹೆಗಡೆ ಒಂದು ಕಡೆ, ಅವರ ಸಂಪುಟ ಬಿಟ್ಟು ಬಂದಿದ್ದ ಎಚ್.ಡಿ. ದೇವೇಗೌಡ ಇನ್ನೊಂದು ಕಡೆ. ದೆಹಲಿಯಲ್ಲಿ ಅಜಿತ್ ಸಿಂಗ್, ಸುಬ್ರಮಣಿಯನ್ ಸ್ವಾಮಿ. ಹೀಗಿರುವಾಗ ದೇವೇಗೌಡ ಮತ್ತು ಅಜಿತ್ ಸಿಂಗ್ ಫೋನಿನಲ್ಲಿ ಆಡಿಕೊಂಡ ಮಾತು ಅಚ್ಚಾಗಿ ಪತ್ರಿಕೆಯಲ್ಲಿ ಬಂತು. ಓದುಗರು ಮೊದಲು ಆ ಮಾತಿನಲ್ಲಿ ಯಾರ ವಿರುದ್ಧ ಏನು ಸಂಚಿದೆ ಎಂದು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಪ್ರಶ್ನೆ ಹುಟ್ಟಿತು: ಇಬ್ಬರ ನಡುವಿನ ಮಾತನ್ನು ಮೂರನೆಯವರು ಬರೆದುಕೊಂಡದ್ದು ಹೇಗೆ? ಆಪಾದನೆ ಹೊರಿಸುವವರಲ್ಲಿ ಸ್ವಾಮಿ ಮುಂದೆ ನಿಂತರು.

ಹೆಗಡೆಯವರಿಗೆ ಮುಳುವಾದದ್ದು ತಂತಿಯ ಒಡೆತನ. ರಾಜ್ಯದ ಪೊಲೀಸರು ಯಾರದೋ ಫೋನ್ ಕೇಳಬೇಕೆಂದರೆ ಸ್ವತಃ ಕಂಬ ಹತ್ತುವಂತಿರಲಿಲ್ಲ. ದೂರವಾಣಿ ಇಲಾಖೆಗೆ ಬರೆದುಕೊಡಬೇಕಿತ್ತು, ದೂರವಾಣಿ ಇಲಾಖೆಯಿದ್ದದ್ದು ಕೇಂದ್ರ ಸರ್ಕಾರದ ಕೈಯಲ್ಲಿ. ಅಂದರೆ ಬೆಂಗಳೂರು ಯಾರ ಮಾತು ಕೇಳುತ್ತಿದೆ ಎಂಬ ಪಟ್ಟಿ ದೆಹಲಿಯಲ್ಲಿ ಕೂತಿತ್ತು, ಅಲ್ಲಿದ್ದದ್ದು ರಾಜೀವ್ ಗಾಂಧಿಯವರ ಸರ್ಕಾರ. ಪಟ್ಟಿ ಸಂಸತ್ತಿನ ಮುಂದೆ ಬಂತು. ರಾಜಕಾರಣಿಗಳು, ಉದ್ಯಮಿಗಳು, ಪತ್ರಕರ್ತರು ಸೇರಿ ಐವತ್ತರ ಆಸುಪಾಸು ಹೆಸರುಗಳಿದ್ದವು ಎಂದು ಆಗ ವರದಿಯಾಯಿತು. ಅವರಲ್ಲಿ ಹೆಗಡೆಯವರ ಪಕ್ಷದವರೂ ಇದ್ದರು. ತಮಗೆ ತಿಳಿಯದೆ ಪೊಲೀಸ್ ಅಧಿಕಾರಿಗಳ ಮಟ್ಟದಲ್ಲಿ ನಡೆದದ್ದು ಎಂದು ಹೆಗಡೆ ಹೇಳಿದರು. ಆದರೂ ನೈತಿಕ ಹೊಣೆ ಹೊತ್ತು ಕುರ್ಚಿ ಬಿಟ್ಟರು. ಮೂರು ದಿನದ ಮೇಲೆ ಎಸ್.ಆರ್. ಬೊಮ್ಮಾಯಿ ಪ್ರಮಾಣವಚನ ತೆಗೆದುಕೊಂಡರು.

ಹೆಗಡೆಯವರನ್ನು ಹಿಡಿದ ರಾಜೀವ್ ಸರ್ಕಾರದ ಕೈಯೂ ತೊಳೆದದ್ದಾಗಿರಲಿಲ್ಲ. ಎರಡು ವರ್ಷದ ಹಿಂದೆ, 1986ರಲ್ಲಿ, ಅದೇ ಸರ್ಕಾರ ಅಂಚೆ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದು ಜನರ ಕಾಗದಗಳನ್ನು ತಡೆದು ಒಡೆಯುವ ಅಧಿಕಾರವನ್ನು ಹಿಗ್ಗಿಸಿಕೊಳ್ಳಲು ಹೊರಟಿತ್ತು. ಎರಡೂ ಸದನಗಳಲ್ಲಿ ಮಸೂದೆ ಪಾಸಾಗಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲೂ ಇಲ್ಲ, ವಾಪಸ್ಸು ಕಳಿಸಲೂ ಇಲ್ಲ. ಸುಮ್ಮನೆ ಇಟ್ಟುಕೊಂಡರು. ಆ ಮಸೂದೆ ಕೊನೆಗೂ ಕಾನೂನಾಗಲಿಲ್ಲ. ನಮ್ಮ ಗಣರಾಜ್ಯದಲ್ಲಿ ಜನರ ಕಾಗದಗಳನ್ನು ಕಾಪಾಡಿದ ಅತ್ಯಂತ ಯಶಸ್ವಿ ಕ್ರಮ ಒಬ್ಬ ರಾಷ್ಟ್ರಪತಿಯ ಸೋಮಾರಿತನದಂತೆ ಕಾಣುವ ಹಟವಾಗಿತ್ತು ಎಂದರೆ ನಗು ಬರುತ್ತದೆ.

ಈ ಎಲ್ಲಕ್ಕೂ ಬುಡದಲ್ಲಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ, ಅದರ ಐದನೇ ಸೆಕ್ಷನ್. ಸಾರ್ವಜನಿಕ ತುರ್ತು ಒದಗಿದಾಗ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ಸಂದೇಶ ತಡೆಯಬಹುದು ಎಂದು ಅದು ಹೇಳುತ್ತಿತ್ತು. ಯಾರು ಆದೇಶ ಕೊಡಬೇಕು, ಎಷ್ಟು ದಿನ ಕೇಳಬಹುದು, ಬರೆದುಕೊಂಡದ್ದನ್ನು ಏನು ಮಾಡಬೇಕು ಎಂಬುದಕ್ಕೆ ನೂರು ವರ್ಷ ಕಳೆದರೂ ನಿಯಮಗಳೇ ಇರಲಿಲ್ಲ. ಮಲೆನಾಡಿನಲ್ಲಿ ಆಗ ಫೋನ್ ಇದ್ದದ್ದೇ ತೋಟದ ದೊಡ್ಡ ಮನೆಗಳಲ್ಲಿ, ಮಂಡಿ ವರ್ತಕರಲ್ಲಿ, ಆಸ್ಪತ್ರೆ, ಕಚೇರಿಗಳಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದು, ಸಿಕ್ಕಿದಾಗ ಇಡೀ ಬೀದಿಗೆ ಕೇಳುವಂತೆ ಕಿರುಚಬೇಕಿತ್ತು. ನಡುವೆ ಎಕ್ಸ್‌ಚೇಂಜಿನವರು ಕೇಳಿಸಿಕೊಂಡರೆ ಯಾರಿಗೂ ಅದು ಹಗರಣ ಅನ್ನಿಸುತ್ತಿರಲಿಲ್ಲ. ಹೆಗಡೆ ಬಿದ್ದ ಸುದ್ದಿ ಇಲ್ಲಿಯ ಚಹಾದಂಗಡಿಗಳಲ್ಲಿ ಚರ್ಚೆಯಾಗಿದ್ದರೆ ಅದು ಪಕ್ಷದೊಳಗಿನ ಕಾಳಗವಾಗಿಯೇ ಹೊರತು ತಮ್ಮ ಹಕ್ಕಿನ ವಿಷಯವಾಗಿ ಅಲ್ಲ.

ಹೆಗಡೆಯವರ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರ ಒಂದು ಆಯೋಗ ನೇಮಿಸಿತು. ಏಕಸದಸ್ಯ ಆಯೋಗ, ಸದಸ್ಯರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುಲದೀಪ್ ಸಿಂಗ್. 1990ರ ಜೂನ್‌ನಲ್ಲಿ ಅವರು ವರದಿ ಕೊಟ್ಟರು. ಅಷ್ಟು ಹೊತ್ತಿಗೆ ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಹೆಗಡೆ ಆ ಹುದ್ದೆಯನ್ನೂ ಬಿಟ್ಟರು. ವರದಿ ಸರಿಯೇ ತಪ್ಪೇ ಎಂಬ ಜಗಳ ಬೇರೆಯೇ ಇದೆ. ಅರುಣ್ ಶೌರಿ ಅದನ್ನು ಕಟುವಾಗಿ ಟೀಕಿಸಿ ಬರೆದದ್ದರಿಂದ ಹುಟ್ಟಿದ ನ್ಯಾಯಾಂಗ ನಿಂದನೆ ಪ್ರಕರಣ 2014ರವರೆಗೆ ಎಳೆಯಿತು. ಇಲ್ಲಿ ನಮಗೆ ಬೇಕಾದದ್ದು ಕುಲದೀಪ್ ಸಿಂಗ್ ಅವರ ಹೆಸರು ಮಾತ್ರ.

ಏಕೆಂದರೆ ಆರು ವರ್ಷದ ಮೇಲೆ ಫೋನ್ ಕದ್ದಾಲಿಕೆಗೆ ಕಡಿವಾಣ ಹಾಕಿದ ತೀರ್ಪನ್ನು ಬರೆದವರೂ ಅವರೇ. ರಾಜಕಾರಣಿಗಳ ಫೋನ್ ಕದ್ದಾಲಿಕೆ ಕುರಿತು ಸಿಬಿಐ ಸಿದ್ಧಪಡಿಸಿದ್ದ ವರದಿ 1991ರಲ್ಲಿ ಮೇನ್‌ಸ್ಟ್ರೀಮ್ ಪತ್ರಿಕೆಯಲ್ಲಿ ಹೊರಬಿದ್ದಿತ್ತು. ಅದನ್ನು ಹಿಡಿದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರ ತೀರ್ಪಿನ ಪ್ರಕಾರ ಫೋನಿನಲ್ಲಿ ಮಾತಾಡುವುದು ಖಾಸಗಿತನಕ್ಕೆ ಸೇರಿದ್ದು. ಆದೇಶ ಕೊಡಬೇಕಾದವರು ಗೃಹ ಕಾರ್ಯದರ್ಶಿ. ಆದೇಶ ಎರಡು ತಿಂಗಳು ನಡೆಯುತ್ತದೆ, ಬೇಕಾದರೆ ಮುಂದುವರಿಸಿ ಒಟ್ಟು ಆರು ತಿಂಗಳು. ಪುನರ್‌ಪರಿಶೀಲನಾ ಸಮಿತಿ ಇರಬೇಕು, ಕೆಲಸ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ಈ ನಿಯಮಗಳು ಟೆಲಿಗ್ರಾಫ್ ನಿಯಮಾವಳಿಯೊಳಗೆ ಸರಿಯಾಗಿ ಸೇರಿದ್ದು 2007ರಲ್ಲಿ.

ಕೋರ್ಟು ಒಪ್ಪದ ಬೇಡಿಕೆಯೊಂದಿತ್ತು. ಕದ್ದು ಕೇಳುವ ಮೊದಲು ನ್ಯಾಯಾಧೀಶರೊಬ್ಬರ ಅನುಮತಿ ಪಡೆಯಬೇಕು ಎಂದು ಅರ್ಜಿದಾರರು ವಾದಿಸಿದ್ದರು. ಅದನ್ನು ಕಾನೂನಿನಲ್ಲಿ ತರುವುದು ಸರ್ಕಾರಕ್ಕೆ ಬಿಟ್ಟದ್ದು ಎಂದು ಕೋರ್ಟು ಸುಮ್ಮನಾಯಿತು. ಸರ್ಕಾರ ಅದನ್ನು ತರಲಿಲ್ಲ. ಹೀಗಾಗಿ ಕೇಳುವವರೂ ಸರ್ಕಾರಿ ಅಧಿಕಾರಿಗಳು, ಅನುಮತಿ ಕೊಡುವವರೂ ಅವರೇ, ಅನುಮತಿ ಸರಿಯಿತ್ತೇ ಎಂದು ನೋಡುವ ಸಮಿತಿಯಲ್ಲಿ ಕೂರುವವರೂ ಅವರೇ. ಮಾತು ಕದ್ದು ಕೇಳಲಾಗಿದೆ ಎಂದು ಆ ಮಾತು ಆಡಿದವನಿಗೆ ಯಾರೂ ತಿಳಿಸಬೇಕಿಲ್ಲ. ನನ್ನ ಮಟ್ಟಿಗೆ ಹೆಗಡೆ ಪ್ರಕರಣದ ನಿಜವಾದ ಫಲ ಇಷ್ಟೇ: ಕದ್ದಾಲಿಕೆ ಕಡಿಮೆಯಾಗಲಿಲ್ಲ, ಅದಕ್ಕೆ ಫೈಲು ಸಂಖ್ಯೆ ಸಿಕ್ಕಿತು.

ಗುಟ್ಟು ಕಾಪಾಡುವ ಮಾತು ಬಂದಾಗ ಇದೇ ಸರ್ಕಾರಗಳು ಎಷ್ಟು ಸಡಿಲ ಎಂಬುದನ್ನೂ ಹೇಳಬೇಕು. ಬಿಹಾರದ ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಹೊರಬರಬಾರದೆಂದು ಪ್ರಧಾನಿ ಕಚೇರಿಯನ್ನು ಕೇಳಿಕೊಂಡಿದ್ದರು. ಪತ್ರ ಕಚೇರಿಯಿಂದ ಕಚೇರಿಗೆ ಹೆಸರಿನೊಂದಿಗೇ ಸಾಗಿತು. 2003ರ ನವೆಂಬರ್‌ನಲ್ಲಿ ಅವರ ಕೊಲೆಯಾಯಿತು. ಎರಡು ವರ್ಷದ ಮೇಲೆ ಕೋಲಾರದ ಚಿನ್ನದ ಗಣಿ ಊರಿನ ಹುಡುಗ, ಮೈಸೂರಿನಲ್ಲಿ ಓದಿದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಪೆಟ್ರೋಲ್ ಕಲಬೆರಕೆ ಹಿಡಿದದ್ದಕ್ಕೆ ಗುಂಡಿಗೆ ಬಲಿಯಾದರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಯಲ್ಲೇ ಸಹಕಾರ ಲೆಕ್ಕಪರಿಶೋಧನಾ ಅಧಿಕಾರಿ ಎಸ್.ಪಿ. ಮಹಾಂತೇಶ್ ಮೇಲೆ ಹಲ್ಲೆಯಾಗಿ ಕೆಲವು ದಿನಗಳ ನಂತರ ಅವರು ತೀರಿಕೊಂಡರು. ಗೃಹನಿರ್ಮಾಣ ಸಹಕಾರ ಸಂಘಗಳ ನಿವೇಶನ ಅಕ್ರಮಗಳನ್ನು ಅವರು ತೆರೆದಿಟ್ಟಿದ್ದರು. ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಕಾಯ್ದೆಯೊಂದನ್ನು ಪಾಸು ಮಾಡಿತು. ರಾಷ್ಟ್ರಪತಿಯ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬೀಳಲಿಲ್ಲ.

ಇನ್ನು ಮಲೆನಾಡು.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಟಿತು. ಕಾಡಿನೊಳಗಿನ, ಕಾಡಂಚಿನ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭಯ ಹತ್ತಿತು. ಆ ಭಯದ ಬೆನ್ನಲ್ಲೇ ನಕ್ಸಲರು ಬಂದರು, ಅವರ ಬೆನ್ನಲ್ಲೇ ಪೊಲೀಸರು. 2003ರ ನವೆಂಬರ್‌ನಲ್ಲಿ ಘಟ್ಟದ ಕೆಳಗೆ ಈದುವಿನಲ್ಲಿ ಇಬ್ಬರು ಯುವತಿಯರು ಎನ್‌ಕೌಂಟರಿನಲ್ಲಿ ಸತ್ತರು. 2005ರ ಫೆಬ್ರವರಿ ಮೊದಲ ವಾರ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಕಡೆ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ಕರ್ನಾಟಕದ ಚರಿತ್ರೆ ಬರೆದಿದ್ದ, ಪತ್ರಿಕೋದ್ಯಮ ಓದಿದ್ದ ಮನುಷ್ಯ. 2007ರ ಜುಲೈನಲ್ಲಿ ಅದೇ ಸೀಮೆಯ ಒಡೆಯರಮಠದಲ್ಲಿ ಐವರು ಸತ್ತರು. ಸತ್ತವರಲ್ಲಿ ಊರಿನವರೂ ಇದ್ದಾರೆ ಎಂಬ ಆಕ್ಷೇಪ ಆಗಲೇ ಎದ್ದಿತು. ಕಾರ್ಕಳವನ್ನು ಕೇಂದ್ರ ಮಾಡಿಕೊಂಡ ನಕ್ಸಲ್ ನಿಗ್ರಹ ಪಡೆಯ ಕ್ಯಾಂಪುಗಳು ಘಟ್ಟದ ಮೇಲೂ ಕೂತವು. ‘ಕೂಂಬಿಂಗ್’ ಎಂಬ ಮಾತು ಮಕ್ಕಳ ಬಾಯಿಗೂ ಬಂತು.

ಈ ಕಡೆಯ ಮನೆಗಳನ್ನು ನೋಡದವರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಒಂದು ಮನೆ, ಅದರ ಸುತ್ತ ತೋಟ, ಆಚೆ ಹಳ್ಳ, ಕಾಲುಸಂಕ ದಾಟಿದರೆ ಇನ್ನೊಂದು ಮನೆ. ರಾತ್ರಿ ಬಂದವರು ಯಾರು ಎಂದು ನೋಡಲು ನೆರೆಯವರಿಲ್ಲ. ನಕ್ಸಲರು ಬಂದು ಊಟ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗೆ? ಬೆಳಗಾದ ಮೇಲೆ ಪೊಲೀಸರು ಬಂದು ಯಾರಿಗೆ ಅನ್ನ ಹಾಕಿದಿರಿ ಎಂದು ಕೇಳಿದರೆ ಏನು ಹೇಳುವುದು? ಹೇಳಿದರೆ ಮಾಹಿತಿದಾರ, ಹೇಳದಿದ್ದರೆ ಬೆಂಬಲಿಗ. ಈ ಎರಡರ ನಡುವೆ ಮೂರನೆಯ ಜಾಗ ಇರಲಿಲ್ಲ. ಮಾಹಿತಿದಾರ ಎಂಬ ಗುಮಾನಿಯ ಮೇಲೆ ನಕ್ಸಲರು ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಜನರನ್ನು ಕೊಂದದ್ದೂ ಇದೆ. ಕಣ್ಗಾವಲು ಇಲ್ಲಿ ಎರಡು ಕಡೆಯಿಂದ ನಡೆಯಿತು. ಎರಡೂ ಕಡೆಯವರಿಗೆ ತಂತಿ ಬೇಕಿರಲಿಲ್ಲ, ಗೃಹ ಕಾರ್ಯದರ್ಶಿಯ ಸಹಿ ಬೇಕಿರಲಿಲ್ಲ. ಯಾರ ಮನೆಗೆ ಯಾವ ನೆಂಟರು ಬಂದರು, ಕಾಲೇಜಿಗೆ ಹೋದ ಹುಡುಗ ಏನು ಓದುತ್ತಾನೆ ಎಂಬುದೆಲ್ಲ ಯಾವುದೋ ಪುಸ್ತಕದಲ್ಲಿ ದಾಖಲಾಗುವ ವಿಷಯವಾಯಿತು.

ಏನು ಓದುತ್ತಾನೆ ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಲ್ಲಿ, ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು 2012ರ ಮಾರ್ಚ್‌ನಲ್ಲಿ ತಂದೆಯೊಂದಿಗೆ ಬಂಧಿಸಲಾಯಿತು. ರಾಜದ್ರೋಹ, ಯುಎಪಿಎ. ಮನೆಯಿಂದ ಜಪ್ತಿ ಮಾಡಿದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳಿದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಅಂಥ ಪುಸ್ತಕ, ಪತ್ರಿಕೆಗಳನ್ನು ಇಟ್ಟುಕೊಳ್ಳುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಎಂದಿತು. ಇಷ್ಟು ಹೇಳಲು ಒಂಬತ್ತೂವರೆ ವರ್ಷ ಬೇಕಾಯಿತು.

ಭಾರತದಲ್ಲಿ ಖಾಸಗಿತನದ ಹಕ್ಕಿನ ವಾದ ಸುಪ್ರೀಂ ಕೋರ್ಟಿನಲ್ಲಿ ಮೊದಲು ಗಟ್ಟಿಯಾಗಿ ಎದ್ದದ್ದು ಫೋನಿನಿಂದಲ್ಲ, ಇಂಥದೇ ಒಂದು ಕದದಿಂದ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು ದರೋಡೆಯ ಗುಮಾನಿಯ ಮೇಲೆ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಆದರೂ ಅವನ ಹೆಸರಲ್ಲಿ ಪೊಲೀಸರು ಹಿಸ್ಟರಿ ಶೀಟ್ ತೆರೆದರು. ರಾತ್ರಿ ಚೌಕಿದಾರರು ಬಂದು ಕದ ತಟ್ಟಿ ಎಬ್ಬಿಸುವುದು, ಮನೆಯಲ್ಲಿದ್ದಾನೆಯೇ ಎಂದು ನೋಡುವುದು, ಊರು ಬಿಟ್ಟರೆ ಎಲ್ಲಿಗೆ ಎಂದು ಬರೆದುಕೊಳ್ಳುವುದು. 1962ರ ಡಿಸೆಂಬರ್ 18ರಂದು ಕೋರ್ಟು ರಾತ್ರಿಯ ಮನೆಭೇಟಿಯನ್ನು ರದ್ದು ಮಾಡಿತು. ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಬೆನ್ನ ಹಿಂದೆ ಯಾವಾಗಲೂ ಒಂದು ಕಣ್ಣಿದ್ದರೆ ನಡೆದಾಡುವ ಸ್ವಾತಂತ್ರ್ಯಕ್ಕೆ ಅರ್ಥವೇನು ಎಂಬುದು ಅವರ ಭಿನ್ನಮತದ ದಾರಿ. ಫೋನ್ ಕದ್ದಾಲಿಕೆಯ ತೀರ್ಪು ಬಂದದ್ದೂ ಡಿಸೆಂಬರ್ 18ರಂದೇ, ಮೂವತ್ತನಾಲ್ಕು ವರ್ಷದ ಮೇಲೆ. ಅದು ಕಾಕತಾಳೀಯ, ಆದರೆ ಆ ಮೂವತ್ತನಾಲ್ಕು ವರ್ಷ ಖರಕ್ ಸಿಂಗ್ ತೀರ್ಪಿನ ಅರ್ಧ ಸೋಲು ಹಾಗೇ ನಿಂತಿತ್ತು.

ಅದನ್ನು ಪೂರ್ತಿ ಗೆಲುವಾಗಿಸಿದ್ದು ಬೆಂಗಳೂರಿನ ಒಬ್ಬ ವೃದ್ಧರು. ಕೆ.ಎಸ್. ಪುಟ್ಟಸ್ವಾಮಿ 1926ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, 1952ರಲ್ಲಿ ವಕೀಲರಾಗಿ, 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಆಧಾರ್ ಕುರಿತ ಮಸೂದೆಯನ್ನು ಸಂಸದೀಯ ಸ್ಥಾಯಿ ಸಮಿತಿ 2011ರ ಕೊನೆಯಲ್ಲಿ ತಿರಸ್ಕರಿಸಿತ್ತು. ಆದರೂ ಕಾನೂನಿನ ಬಲವಿಲ್ಲದೆ, ಬರೀ ಸರ್ಕಾರಿ ಆದೇಶದ ಮೇಲೆ, ದೇಶದ ತುಂಬ ಬೆರಳಚ್ಚು ಒತ್ತಿಸಿಕೊಳ್ಳುವ ಕೆಲಸ ನಡೆದೇ ಇತ್ತು. ಇದು ಹೇಗೆ ಸಾಧ್ಯ ಎಂಬ ಕೇವಲ ಕಾನೂನಿನ ಪ್ರಶ್ನೆ ಹಿಡಿದು ಎಂಬತ್ತಾರರ ಹರೆಯದಲ್ಲಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ. ಯಂತ್ರ ಕಟ್ಟಿದವರು, ಅದರ ಲೈಸೆನ್ಸ್ ಎಲ್ಲಿ ಎಂದು ಕೇಳಿದವರು ಇಬ್ಬರೂ ಒಂದೇ ಊರಿನವರು.

2013ರ ಜೂನ್‌ನಲ್ಲಿ ಅಮೆರಿಕದ ಎಡ್ವರ್ಡ್ ಸ್ನೋಡೆನ್ ತನ್ನ ಸರ್ಕಾರ ಜಗತ್ತಿನ ಮಾತನ್ನೆಲ್ಲ ಹೇಗೆ ಬಾಚಿಕೊಳ್ಳುತ್ತಿದೆ ಎಂದು ಬಯಲು ಮಾಡಿದ. ಅದೇ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು, ಆಧಾರ್ ಇಲ್ಲವೆಂದು ಯಾರಿಗೂ ಸೌಲಭ್ಯ ತಪ್ಪಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. 2015ರಲ್ಲಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿ ಹಳೆಯ ಅಸ್ತ್ರ ತೆಗೆದರು: ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, ಬೇಕಾದರೆ ಖರಕ್ ಸಿಂಗ್ ತೀರ್ಪು ನೋಡಿ. ಈ ವಾದದಿಂದಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದರು. ಸುಬ್ಬರಾವ್ ಅವರ ಭಿನ್ನಮತ ದೇಶದ ಕಾನೂನಾಯಿತು. ಆ ಪೀಠದಲ್ಲಿದ್ದ ಎಸ್. ಅಬ್ದುಲ್ ನಜೀರ್ ಮೂಡುಬಿದಿರೆ ಬಳಿಯ ಬೆಳುವಾಯಿಯವರು, ನಮ್ಮ ಘಟ್ಟದ ಬುಡದವರು. ಹಕ್ಕನ್ನು ಹೀಗೆ ಗಟ್ಟಿಯಾಗಿ ಎತ್ತಿಹಿಡಿದ ಕೋರ್ಟು ಮರುವರ್ಷದ ಸೆಪ್ಟೆಂಬರ್ 26ರಂದು ಆಧಾರ್ ಯೋಜನೆಯನ್ನು ನಾಲ್ಕಕ್ಕೆ ಒಂದರ ಬಹುಮತದಿಂದ ಉಳಿಸಿಕೊಂಡಿತು. ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೆ ತಡೆ ಬಿತ್ತು, ಪಡಿತರಕ್ಕೆ ಬೆರಳೊತ್ತುವುದು ಮುಂದುವರಿಯಿತು. ಅಡಿಕೆ ಸುಲಿದು, ಕಾಫಿ ಕೊಯ್ದು ರೇಖೆ ಸವೆದ ಬೆರಳುಗಳಿಗೆ ಆ ಯಂತ್ರ ಎಷ್ಟು ಸಲ ಇಲ್ಲ ಎನ್ನುತ್ತದೆ ಎಂಬುದು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆ ಗೊತ್ತು.

ಪುಟ್ಟಸ್ವಾಮಿ ತೀರ್ಪಿನ ಮಸಿ ಆರುವ ಮೊದಲೇ ಕರ್ನಾಟಕದಲ್ಲಿ ಹಳೆಯ ನಾಟಕ ಮತ್ತೆ ಶುರುವಾಯಿತು. 2019ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಬಿತ್ತು. ಮರು ತಿಂಗಳೇ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಫೋನ್ ಮಾತುಕತೆ ಟಿವಿ ವಾಹಿನಿಗಳಲ್ಲಿ ತೇಲಿ ಬಂತು. ಹಿಂದಿನ ಸರ್ಕಾರ ರಾಜಕಾರಣಿಗಳ, ಅಧಿಕಾರಿಗಳ ಫೋನ್ ಕದ್ದು ಕೇಳಿದೆ ಎಂಬ ಆರೋಪವೆದ್ದಿತು, ಮಠಾಧೀಶರೊಬ್ಬರ ಹೆಸರೂ ಕೇಳಿಬಂತು. ಕುಮಾರಸ್ವಾಮಿ ಅಲ್ಲಗಳೆದರು. ಹೊಸ ಮುಖ್ಯಮಂತ್ರಿ ಯಡಿಯೂರಪ್ಪ ತನಿಖೆಯನ್ನು ಸಿಬಿಐಗೆ ಕೊಟ್ಟರು. ಅದು ಯಾರನ್ನೂ ಶಿಕ್ಷೆಯವರೆಗೆ ಒಯ್ಯಲಿಲ್ಲ. ಎರಡು ವರ್ಷದ ಮೇಲೆ, ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶಕ್ಕೆ ಗುರಿಯಾಗಿದ್ದಿರಬಹುದಾದ ಫೋನ್ ಸಂಖ್ಯೆಗಳ ಪಟ್ಟಿ ಹೊರಬಿತ್ತು. 2019ರಲ್ಲಿ ಆ ಸಮ್ಮಿಶ್ರ ಸರ್ಕಾರ ಅಲ್ಲಾಡುತ್ತಿದ್ದ ದಿನಗಳಲ್ಲೇ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಇಬ್ಬರ ಆಪ್ತ ಕಾರ್ಯದರ್ಶಿಗಳ ಸಂಖ್ಯೆ, ದೇವೇಗೌಡರ ಭದ್ರತೆಗಿದ್ದ ಪೊಲೀಸರೊಬ್ಬರ ಸಂಖ್ಯೆ ಅದರಲ್ಲಿ ಸೇರಿದ್ದವು. 1988ರಲ್ಲಿ ದೇವೇಗೌಡರ ಮಾತು ಕದ್ದವರು ಬೆಂಗಳೂರಿನವರು. 2019ರಲ್ಲಿ ಕದಿಯುವ ಆರೋಪ ಅವರ ಮಗನ ಸರ್ಕಾರದ ಮೇಲೆ ಬಂತು. ಅದೇ ಹೊತ್ತಿಗೆ ಅವರ ಸುತ್ತಲಿನವರ ಫೋನಿನತ್ತ ಇನ್ಯಾರದೋ ಕಣ್ಣಿತ್ತು. ಒಂದು ಕುಟುಂಬದ ರಾಜಕೀಯ ಜೀವನದಲ್ಲೇ ಈ ಚರಿತ್ರೆಯ ಮೂರೂ ಪಾತ್ರಗಳಿವೆ.

ಪೆಗಾಸಸ್ ಪರಿಶೀಲನೆಗೆ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯ ಮೇಲ್ವಿಚಾರಣೆಯೂ ಕರ್ನಾಟಕ ಹೈಕೋರ್ಟಿನಿಂದ ಹೋದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿಗೇ ಬಂತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ತೆರೆದ ಕೋರ್ಟಿನಲ್ಲೇ ಹೇಳಿದರು. 1885ರ ಕಾಯ್ದೆಯ ಬದಲಿಗೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಸಂದೇಶ ತಡೆಯುವ ಅಧಿಕಾರ ಹಳೆಯದರಿಂದ ಹೊಸದಕ್ಕೆ ಹೆಚ್ಚೇನೂ ಬದಲಾಗದೆ ದಾಟಿತು. ನ್ಯಾಯಾಧೀಶರ ಅನುಮತಿ ಅಲ್ಲೂ ಇಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತಮ್ಮ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅದಾದ ಸುಮಾರು ಮೂರು ತಿಂಗಳಲ್ಲಿ ಮಲೆನಾಡಿನ ಇಪ್ಪತ್ತು ವರ್ಷದ ನಕ್ಸಲ್ ಅಧ್ಯಾಯವೂ ಮುಗಿಯಿತು. ನಕ್ಸಲ್ ನಾಯಕರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ 2014ರ ಡಿಸೆಂಬರ್‌ನಲ್ಲೇ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಿದ್ದರು, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅದರ ಹಿಂದೆ ಇದ್ದರು. 2025ರ ಜನವರಿ 8ರಂದು ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಅವರು ಬಿಟ್ಟುಬಂದ ಬಂದೂಕುಗಳು ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕಿದವು. ಫೆಬ್ರವರಿ ಹೊತ್ತಿಗೆ ಶೃಂಗೇರಿ ಕಡೆಯ ಕೋಟೆಹೊಂಡ ರವೀಂದ್ರನೂ ಬಂದ. ಕರ್ನಾಟಕ ನಕ್ಸಲ್‌ಮುಕ್ತ ಎಂದು ಸರ್ಕಾರ ಹೇಳಿತು. ನಿಗ್ರಹ ಪಡೆಯ ಒಂದು ಭಾಗವನ್ನು ಬೇರ್ಪಡಿಸಿ, ಕೋಮುಗಲಭೆ ತಡೆಯುವ ಹೊಸ ಪಡೆಯನ್ನು ಅದೇ ಜೂನ್‌ನಲ್ಲಿ ಮಂಗಳೂರಿನಲ್ಲಿ ಕಟ್ಟಲಾಯಿತು.

ಪಡೆ ಬೇರೆ ಕಡೆ ಹೋಗಬಹುದು, ಆ ಇಪ್ಪತ್ತು ವರ್ಷ ಒಂಟಿ ಮನೆಗಳ ಜಗಲಿಯಲ್ಲಿ ಕೇಳಿ ಬರೆದುಕೊಂಡದ್ದರ ಮಾತೇನು? ಕದ್ದು ಕೇಳಿದ ಫೋನಿನ ದಾಖಲೆಯನ್ನು ನಾಶ ಮಾಡಬೇಕೆಂದು ಕುಲದೀಪ್ ಸಿಂಗ್ ಬರೆದದ್ದು ಫೋನಿಗೆ ಮಾತ್ರ. ಜನರ ಮಾಹಿತಿ ಕಾಪಾಡಲೆಂದು 2023ರಲ್ಲಿ ಬಂದ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಅದಿರಲಿ, ಆ ಕಾಯ್ದೆ ಅನ್ವಯಿಸುವುದೇ ಡಿಜಿಟಲ್ ಮಾಹಿತಿಗೆ, ಅಥವಾ ಆಮೇಲೆ ಡಿಜಿಟಲ್ ಆಗಿ ಬದಲಾಯಿಸಿದ ಮಾಹಿತಿಗೆ. ಪೇದೆಯೊಬ್ಬ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದ ಹೆಸರು ಅದರ ವ್ಯಾಪ್ತಿಗೆ ಬರುವುದಿಲ್ಲ.